ಕಿಟಕಿ ಪಕ್ಕದ ಮಗು

ಜೂನ್ 3

ಅತ್ತೆಗೆ ನಮಸ್ಕಾರ.

ಫೋನು ಮಾಡಿದರೆ ನಿನಗೆ ಕೇಳಿಸುವುದಿಲ್ಲ. ಕೇಳಿಸಿದರೂ "ಆಯ್ತು ಆಯ್ತು, ಊಟ ಮಾಡಿದ್ಯಾ" ಎನ್ನುವುದು ಬಿಟ್ಟು ಬೇರೆ ಮಾತಿಲ್ಲ. ಅದಕ್ಕೇ ಕಾಗದ. ಕನ್ನಡಕ ಹಾಕಿಕೊಂಡು ಓದು, ಅರ್ಧಕ್ಕೆ ಬಿಡಬೇಡ.

ನಿನ್ನ ಅಣ್ಣ, ನಮ್ಮಪ್ಪ, ಹೋಗಿ ವರ್ಷವಾಯಿತು ಎಂದು ಅಂಗಡಿಯ ಬೋರ್ಡು ಬದಲಾಯಿಸಿದೆ. ದೊಡ್ಡ ಅಕ್ಷರದಲ್ಲಿ ನನ್ನ ಹೆಸರು, "ಕಿಟಕಿ". ಕೆಳಗೆ ಚಿಕ್ಕದಾಗಿ "ಗಾಜು ಕೂರಿಸಲಾಗುವುದು". ಬಂದವರೆಲ್ಲ "ಓನರ್ ಇಲ್ವಾ?" ಎಂದು ಕೇಳುತ್ತಾರೆ. ಬೋರ್ಡಿನ ಮೇಲಿರುವುದು ಓನರ್ ಹೆಸರೇ ಎಂದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಮೊನ್ನೆ ಒಬ್ಬ ಮಹಾಶಯ "ಹಾಗಾದ್ರೆ ನಿಮ್ಮ ತಂಗಿ ಹೆಸರು ಬಾಗಿಲಾ?" ಎಂದ. ನಾನೂ ನಕ್ಕೆ. ನಲವತ್ತೊಂದು ವರ್ಷ ಈ ಹೆಸರು ಹೊತ್ತವಳಿಗೆ ಇದೇನು ಹೊಸದಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನೀನು ನರ್ಸಾಗಿದ್ದ ಆ ಹೆರಿಗೆ ಆಸ್ಪತ್ರೆ, ನಾನು ಹುಟ್ಟಿದ್ದೂ ಅಲ್ಲೇ ಅಲ್ಲವೇ, ಅದನ್ನು ಕೆಡವುತ್ತಿದ್ದಾರೆ. ಹಳೇ ಮರದ ವ್ಯಾಪಾರಿ ಅಲ್ಲಿನ ಕಿಟಕಿಗಳನ್ನೆಲ್ಲ ಕೊಂಡು, ಗಾಜು ಬಿಡಿಸಿ ಸ್ವಚ್ಛ ಮಾಡಲು ಹನ್ನೆರಡು ಚೌಕಟ್ಟು ನಮ್ಮಲ್ಲಿಗೆ ಕಳಿಸಿದ್ದಾನೆ. ಅಪ್ಪನ ಅಭ್ಯಾಸ ನಿನಗೆ ಗೊತ್ತಲ್ಲ. ಗಾಜು ಕೂರಿಸುವ ಮುಂಚೆ ಚೌಕಟ್ಟಿನಲ್ಲಿ ಅದು ಕೂರುವ ಕಚ್ಚಿನೊಳಗೆ ಪೆನ್ಸಿಲಿನಿಂದ ತಾರೀಕು ಬರೆಯುತ್ತಿದ್ದ. ಆಮೇಲೆ ಗಾಜಿಟ್ಟು, ಅಂಚಿಗೆ ಗಾಜು ಹಿಡಿಯುವ ಪುಟ್ಟಿ ಮೆತ್ತಿದರೆ ಮುಗಿಯಿತು. ಆ ಗಾಜು ಒಡೆದು ಯಾರಾದರೂ ಪುಟ್ಟಿ ಕೆರೆಯುವ ತನಕ ಆ ಬರಹ ಯಾರ ಕಣ್ಣಿಗೂ ಬೀಳುವುದಿಲ್ಲ. ಹಳೇ ಕೆಲಸಗಳಲ್ಲಿ ಅವನ ಓರೆ ಅಕ್ಷರ ಸಿಕ್ಕಾಗಲೆಲ್ಲ ಅವನೇ ಸಿಕ್ಕಷ್ಟು ಖುಷಿ ನನಗೆ.

ಐದನೇ ಚೌಕಟ್ಟಿನಲ್ಲಿ ಸಿಕ್ಕಿತು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ:

"ಫೆಬ್ರವರಿ 11. ಗಾಜು ಕೂರಿಸಿದ್ದು ನಾನೇ. ಈ ಕಿಟಕಿಯ ಕೆಳಗೆ ನನ್ನ ಗಂಡು ಮಗು ಮಲಗಿದೆ, ಎರಡು ದಿನದ್ದು. ಗಾಳಿ ತಾಗದಿರಲಿ."

ವರ್ಷವೂ ಇದೆ, ನಾನು ಹುಟ್ಟಿದ ವರ್ಷ. ನಾನು ಹುಟ್ಟಿದ್ದು ಫೆಬ್ರವರಿ ಒಂಬತ್ತು. ಅಪ್ಪನಿಗಿದ್ದದ್ದು ನಾನೊಬ್ಬಳೇ. ನಾನು ಗಂಡಲ್ಲ ಎನ್ನುವುದು ಇವತ್ತು ಬೆಳಗಿನ ತನಕ ಎಲ್ಲರಿಗೂ ಗೊತ್ತಿದ್ದ ಸಂಗತಿ.

ಎದೆ ಧಸಕ್ಕೆಂದಿತು, ಅತ್ತೆ. ಅಮ್ಮನೂ ಇಲ್ಲ, ಅಪ್ಪನೂ ಇಲ್ಲ. ಕೇಳಲು ಉಳಿದಿರುವವಳು ನೀನೊಬ್ಬಳೇ. ನನಗೆ ಈ ಹೆಸರು ಯಾಕೆ ಇಟ್ಟರು? ಈ ಮಗು ಯಾವುದು? ಬೇಗ ಬರೆ.

ನಿನ್ನ ಸೊಸೆ,
ಕಿಟಕಿ


ಜೂನ್ 14

ಮರಿಗೆ ಆಶೀರ್ವಾದಗಳು.

ಕಾಗದ ತಲುಪಿತು. ಮಂಡಿ ನೋವು ಇದ್ದ ಹಾಗೇ ಇದೆ. ಮೇಲಿನ ಮನೆಯವರು ಮೆಟ್ಟಿಲಿಗೆ ಹೊಸ ಬಣ್ಣ ಬಳಿಸಿ ನನ್ನ ಸೀರೆಯ ಅಂಚಿಗೆ ಅರ್ಧ ಬಣ್ಣ ದಾನ ಮಾಡಿದ್ದಾರೆ.

ನೀನೊಳ್ಳೆ ಗುಡ್ಡ ಅಗೆದು ಇಲಿ ಹಿಡಿಯುವವಳು! ನಿಮ್ಮಪ್ಪ ಆಗ ಮೂರು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ನಿಮ್ಮಮ್ಮನಿಗೆ ಜ್ವರ ನೆತ್ತಿಗೇರಿತ್ತು. ಅವನು ಒಂದು ಕಾಲಲ್ಲಿ ಆಸ್ಪತ್ರೆ, ಒಂದು ಕಾಲಲ್ಲಿ ಅಂಗಡಿ. ನಿದ್ದೆಗಣ್ಣಿನಲ್ಲಿ ಹೆಣ್ಣು ಎನ್ನುವ ಕಡೆ ಗಂಡು ಎಂದು ಗೀಚಿದ್ದಾನೆ, ಅಷ್ಟೇ. ಇದಕ್ಕೆ ಎದೆ ಧಸಕ್ಕೆನ್ನುವುದೇಕೆ?

ಹೆಸರಿನ ಕಥೆ ನಿನಗೆ ನೂರು ಸಲ ಹೇಳಿದ್ದಾರಲ್ಲ. ಮಕ್ಕಳ ಕೋಣೆಯ ಕಿಟಕಿಯಿಂದ ಬೆಳಗಿನ ಬಿಸಿಲು ನೇರ ನಿನ್ನ ಮುಖಕ್ಕೆ ಬೀಳುತ್ತಿತ್ತು. ನೀನು ಅಳದೆ ಕಣ್ಣು ಪಿಳಿಪಿಳಿ ಬಿಡುತ್ತಿದ್ದೆ. ಗಾಜಿನ ಕೆಲಸದವನಿಗೆ ಇನ್ನೆಂಥ ಹೆಸರು ಹೊಳೆದೀತು? ಅಕ್ಕಸಾಲಿಯಾಗಿದ್ದರೆ ಬಳೆ ಎಂದು ಇಡುತ್ತಿದ್ದ. ಉಳಿದುಕೊಂಡೆ ಎಂದು ತಿಳಿದುಕೋ.

ಆ ಚೌಕಟ್ಟಿಗೆ ಉಪ್ಪುಕಾಗದ ಹಾಕಿ ಉಜ್ಜಿಬಿಡು. ಹಳೇ ಪೆನ್ಸಿಲು, ಎರಡು ಸಲ ಎಳೆದರೆ ಹೋಗುತ್ತದೆ. ಬೇರೆ ಯಾರಿಗೂ ತೋರಿಸಿಲ್ಲ ತಾನೇ? ತೋರಿಸಬೇಡ. ಜನರ ಬಾಯಿಗೆ ಬಾಗಿಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಗಾಜು ಕತ್ತರಿಸುವಾಗ ಕಣ್ಣಿಗೆ ಕನ್ನಡಕ ಹಾಕಿಕೋ.

ಇಂತಿ,
ನಿನ್ನ ಅತ್ತೆ


ಜೂನ್ 22

ಅತ್ತೆ,

ಕುಂಬಳಕಾಯಿ ಕಳ್ಳ ಎಂದು ನಾನು ಯಾರನ್ನೂ ಅನ್ನಲಿಲ್ಲ. ಅಷ್ಟರಲ್ಲಿ ನೀನೇ ಹೆಗಲು ಮುಟ್ಟಿ ನೋಡಿಕೊಂಡೆ. "ಯಾರಿಗೂ ತೋರಿಸಿಲ್ಲ ತಾನೇ" ಎನ್ನುವ ಆ ಒಂದು ಸಾಲು ಇಲ್ಲದಿದ್ದರೆ ನಿನ್ನ ಮಾತನ್ನು ನಂಬಿ ಚೌಕಟ್ಟು ಉಜ್ಜುತ್ತಿದ್ದೆ.

ಅಪ್ಪ ನಿದ್ದೆಗಣ್ಣಿನಲ್ಲೂ ಕೂದಲೆಳೆಯಷ್ಟು ತಪ್ಪು ಅಳತೆ ತೆಗೆದವನಲ್ಲ. ತನ್ನ ಮಗು ಗಂಡೋ ಹೆಣ್ಣೋ ಎನ್ನುವುದನ್ನು ತಪ್ಪಿ ಬರೆದಾನೆಯೇ?

ಇನ್ನೊಂದು ಸಂಗತಿ ಮೊನ್ನೆ ಗಾಜು ಒರೆಸುತ್ತಾ ಹೊಳೆಯಿತು. ಇಷ್ಟು ವರ್ಷದಲ್ಲಿ ನೀನು ಒಂದು ಸಲವೂ ನನ್ನನ್ನು ಹೆಸರು ಹಿಡಿದು ಕರೆದಿಲ್ಲ. ಮರಿ, ಮಗಳೇ, ಏ ಹುಡುಗಿ. ಲಕೋಟೆಯ ಮೇಲೆ ಕೂಡ "ಗಾಜಿನ ಅಂಗಡಿಯವರ ಮಗಳಿಗೆ". ನಿನ್ನ ಹಳೇ ಕಾಗದಗಳ ಕಟ್ಟನ್ನೇ ಬಿಚ್ಚಿ ನೋಡಿದೆ. ಒಂದರಲ್ಲೂ ಇಲ್ಲ. ನೀನು ಬಂದಾಗಲೆಲ್ಲ ಅಪ್ಪ ಬೇಕೆಂದೇ ನನ್ನ ಹೆಸರನ್ನು ಜೋರಾಗಿ ಕೂಗುತ್ತಿದ್ದ, ನೆನಪಿದೆಯೇ? "ಕಿಟಕೀ, ಅತ್ತೆಗೆ ನೀರು ತಂದ್ಕೊಡು." ನೀನು ತಲೆ ತಗ್ಗಿಸುತ್ತಿದ್ದೆ. ನಿಮ್ಮಿಬ್ಬರ ನಡುವೆ ಏನೋ ಹಳೇ ಜಗಳ ಎಂದುಕೊಂಡಿದ್ದೆ.

ಅಮ್ಮ ಹೇಳುತ್ತಿದ್ದಳು, "ಐದು ದಿನ ಜ್ವರದಲ್ಲಿ ಎಚ್ಚರ ಇರಲಿಲ್ಲ ಕಣೇ, ಕಣ್ಣು ಬಿಟ್ಟಾಗ ನೀನು ಪಕ್ಕದಲ್ಲಿದ್ದೆ" ಎಂದು. ಅಂದರೆ ಆ ಐದು ದಿನ ಮಗುವನ್ನು ನೋಡಿದವರು ಅಪ್ಪ ಮತ್ತು ನೀವು.

ನೀವು ಎಂದು ಬರೆದುಬಿಟ್ಟೆ. ಇರಲಿ, ತಿದ್ದುವುದಿಲ್ಲ. ನಿಜ ಬರೆಯಿರಿ.

ಕಿಟಕಿ


ಜುಲೈ 19

ಮರಿ,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು. ಇದನ್ನು ಓದಿ ಸುಟ್ಟುಬಿಡು.

ನಮ್ಮ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳನ್ನು ತಾಯಂದಿರ ಹತ್ತಿರ ಮಲಗಿಸುತ್ತಿರಲಿಲ್ಲ. ಬೇರೆ ಕೋಣೆಯಲ್ಲಿ ಚಿಕ್ಕ ಚಿಕ್ಕ ಕಬ್ಬಿಣದ ತೊಟ್ಟಿಲುಗಳು. ಹಾಲು ಕುಡಿಸುವ ಹೊತ್ತಿಗೆ ಎತ್ತಿಕೊಂಡು ಹೋಗಿ ಕೊಡುತ್ತಿದ್ದೆವು. ಮನೆಗೆ ಹೋಗುವ ತನಕ ಮಕ್ಕಳಿಗೆ ಹೆಸರಿಲ್ಲವಲ್ಲ, ಅದಕ್ಕೆ ನಾವು ನರ್ಸುಗಳು ಜಾಗದ ಮೇಲೆ ಕರೆಯುತ್ತಿದ್ದೆವು. ಕಿಟಕಿ, ಬಾಗಿಲು, ಬೀರು, ಕಂಬ. "ಕಿಟಕಿ ಅಳ್ತಿದೆ ನೋಡು," "ಬಾಗಿಲಿಗೆ ಹಾಲಾಯ್ತಾ?" ಇದೇ ನಮ್ಮ ಭಾಷೆ. ಆ ವಾರ ಇದ್ದದ್ದು ಎರಡೇ ಮಕ್ಕಳು. ಕಿಟಕಿ ಗಂಡು, ಬಾಗಿಲು ಹೆಣ್ಣು.

ಕಿಟಕಿ ನಿಮ್ಮಮ್ಮ ಹೆತ್ತ ಮಗು. ಹೌದು, ಗಂಡು. ಅಂಗೈಯಷ್ಟು ಇದ್ದ. ಕಿಟಕಿಯ ಒಂದು ಗಾಜು ಒಡೆದು ಚಳಿಗಾಳಿ ಬರುತ್ತಿತ್ತು, ಆಸ್ಪತ್ರೆಯವರು ನಾಳೆ ನಾಡಿದ್ದು ಎನ್ನುತ್ತಿದ್ದರು. ನಿಮ್ಮಪ್ಪ ತಾಳಲಾರದೆ ತಾನೇ ಗಾಜು ತಂದು ಕೂರಿಸಿದ. ನೀನು ಓದಿದ್ದು ಅದನ್ನೇ. ಎರಡು ದಿನ ಕಳೆದು, ಹದಿಮೂರನೇ ತಾರೀಕು ಬೆಳಿಗ್ಗೆ, ನಾನು ಡ್ಯೂಟಿಗೆ ಬಂದು ಮುಟ್ಟಿ ನೋಡಿದರೆ ಮಗು ತಣ್ಣಗಾಗಿತ್ತು.

ನಿಮ್ಮಮ್ಮನಿಗೆ ಅದಕ್ಕೂ ಮುಂಚೆ ಮೂರು ಬಸಿರು ನಿಂತಿರಲಿಲ್ಲ. ಇನ್ನು ಆಗುವುದೂ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಅವಳು ಎದ್ದು "ನನ್ನ ಮಗು" ಎಂದರೆ ಏನು ಕೊಡಲಿ?

ಬಾಗಿಲು ನೀನು. ನಿನ್ನನ್ನು ಹೆತ್ತವಳು ಹೆರಿಗೆಯಾದ ಮರುದಿನವೇ ತೀರಿಕೊಂಡಿದ್ದಳು. ಹಿಂದಿಲ್ಲ ಮುಂದಿಲ್ಲ, ಕೇಳಿಕೊಂಡು ಯಾರೂ ಬರಲಿಲ್ಲ. ನಿಮ್ಮಪ್ಪನಿಗೆ ಹೇಳಿದೆ. ಅವನು ಗೋಡೆಗೆ ಒರಗಿದ. ಆಮೇಲೆ ತಾನೇ ನಿನ್ನ ತೊಟ್ಟಿಲನ್ನು ಬಾಗಿಲ ಬಳಿಯಿಂದ ತಳ್ಳಿಕೊಂಡು ಕಿಟಕಿಯ ಕೆಳಗೆ ತಂದು ನಿಲ್ಲಿಸಿದ. ಹೋದ ಮಗುವಿಗೆ ಈ ಲೋಕದಲ್ಲಿ ಇದ್ದದ್ದು ಅದೊಂದೇ ಹೆಸರು. ಅದು ಅಳಿಸಿಹೋಗಬಾರದು ಎಂದು ನಿನಗಿಟ್ಟ.

ಒಂದು ಅನಾಥ ಮಗುವಿಗೆ ಮನೆ ಸಿಕ್ಕಿತು, ಒಬ್ಬ ತಾಯಿ ಉಳಿದಳು. ನಾನು ಮಾಡಿದ್ದು ಇಷ್ಟೇ. ನಿನ್ನ ಹುಟ್ಟಿದ ದಿನ ಎಂಟು, ಒಂಬತ್ತಲ್ಲ. ಅದೊಂದು ದಿನದ ಸುಳ್ಳನ್ನೂ ಕ್ಷಮಿಸು.

ಅತ್ತೆ


ಜುಲೈ 27

ಅತ್ತೆ,

ನಿನ್ನ ಕಾಗದ ಬಂದಾಗ ಅಂಗಡಿಯಲ್ಲಿ ದೊಡ್ಡ ಕನ್ನಡಿಯೊಂದನ್ನು ಗೋಡೆಗೆ ಒರಗಿಸುತ್ತಿದ್ದೆ. ಒರಗಿಸಿ, ಓದಿ, ಮತ್ತೆ ಎತ್ತಲು ಹೋದೆ. ಜಾರಿತು. ಇಪ್ಪತ್ತು ವರ್ಷದಲ್ಲಿ ನನ್ನ ಕೈಯಿಂದ ಬಿದ್ದು ಒಡೆದ ಮೊದಲ ಕನ್ನಡಿ ಅದು. ಪುಡಿ ಗುಡಿಸುತ್ತಾ ಅತ್ತುಬಿಟ್ಟೆ. ಯಾರಿಗಾಗಿ ಅತ್ತದ್ದು ಎಂದು ಕೇಳಿದರೆ ಗೊತ್ತಿಲ್ಲ. ಅಂಗೈಯಷ್ಟಿದ್ದ ಅವನಿಗೋ, ಮಗ ಸತ್ತದ್ದೇ ಗೊತ್ತಿಲ್ಲದೆ ಸತ್ತ ಅಮ್ಮನಿಗೋ. ನಲವತ್ತೊಂದು ವರ್ಷ ಜನ ನಕ್ಕರು, ನಾನೂ ನಕ್ಕೆ. ನಗುತ್ತಿದ್ದದ್ದು ಒಂದು ಸತ್ತ ಮಗುವಿನ ಹೆಸರಿಗೆ.

ನಿನ್ನ ಮೇಲೆ ಸಿಟ್ಟು ಬರಲಿಲ್ಲ. ಬರುತ್ತದೆಂದು ಎರಡು ದಿನ ಕಾದೆ. ನೀನು ಅವತ್ತು ಎತ್ತಿಕೊಡದಿದ್ದರೆ ನಾನು ಯಾವ ಅನಾಥಾಲಯದ ಮೂಲೆಯಲ್ಲಿರುತ್ತಿದ್ದೆನೋ. ನೀನು ಎಂದೇ ಬರೆಯುತ್ತಿದ್ದೇನೆ, ನೋಡು.

ಒಂದೇ ಆಸೆ. ನನ್ನನ್ನು ಹೆತ್ತು ಸತ್ತವಳು ಎಲ್ಲಿ ಮಣ್ಣಾಗಿದ್ದಾಳೆ ಎಂದು ತಿಳಿದರೆ ಅಲ್ಲಿ ಒಂದು ಗಳಿಗೆ ಕೂತು ಬರುತ್ತೇನೆ. ನಾಳೆ ನಗರಸಭೆಗೆ ಹೋಗಿ ಹಳೇ ಮರಣದ ರಿಜಿಸ್ಟರು ಕೇಳುತ್ತೇನೆ.

ಜುಲೈ 29

ಅಂಚೆಗೆ ಹಾಕಿರಲಿಲ್ಲ. ಅದೇ ಹಾಳೆಯಲ್ಲಿ ಮುಂದುವರಿಸುತ್ತಿದ್ದೇನೆ.

ರಿಜಿಸ್ಟರು ಸಿಕ್ಕಿತು. ಗುಮಾಸ್ತೆ ಒಳ್ಳೆಯವಳು, ನನ್ನ ಪಕ್ಕದಲ್ಲೇ ಕೂತು ಪುಟ ತಿರುವಿದಳು. ಫೆಬ್ರವರಿ ತಿಂಗಳಿಡೀ ಆ ಆಸ್ಪತ್ರೆಯಿಂದ ದಾಖಲಾದ ಸಾವು ಒಂದೇ. "ಹದಿಮೂರನೇ ತಾರೀಕು. ಗಂಡು ಶಿಶು, ಐದು ದಿನ. ತಾಯಿಯ ಕಸುಬು: ಹಾಸಿಗೆ ಹೊಲಿಯುವುದು."

ನಮ್ಮಮ್ಮ ಜನ್ಮದಲ್ಲಿ ಒಂದು ಗುಂಡಿಯನ್ನೂ ನೆಟ್ಟಗೆ ಹೊಲಿದವಳಲ್ಲ.

ಎಷ್ಟು ಸಲ ತಿರುವಿ ಹಾಕಿಸಿದೆನೆಂದರೆ ಗುಮಾಸ್ತೆಗೆ ಗಾಬರಿಯಾಗಿ ನೀರು ತಂದುಕೊಟ್ಟಳು. ಆ ತಿಂಗಳು ಅಲ್ಲಿ ಯಾವ ಹೆಂಗಸೂ ಸತ್ತಿಲ್ಲ. ಹಿಂದಿನ ತಿಂಗಳೂ ಇಲ್ಲ, ಮುಂದಿನ ತಿಂಗಳೂ ಇಲ್ಲ.

ನೀವು ಏನು ಮಾಡಿದಿರಿ?


ಆಗಸ್ಟ್ 12

ನನ್ನ ಕಷ್ಟ ಬರೆದರೆ ಕನಿಕರ ಬೇಡಿದಂತೆ. ಅದನ್ನು ಬಿಟ್ಟು ನಡೆದದ್ದನ್ನಷ್ಟೇ ಬರೆಯುತ್ತೇನೆ.

ಅವಳು ಸಾಯಲಿಲ್ಲ. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಹಾಸಿಗೆ ಹೊಲಿಯುತ್ತಿದ್ದಳು. ಇಪ್ಪತ್ತು ವರ್ಷ ಇರಬಹುದು. ಗಂಡ ಎನ್ನುವವನು ಬಿಟ್ಟುಹೋಗಿದ್ದ. ದಿನಕ್ಕೆ ನಾಲ್ಕು ಸಲ ನಾನೇ ನಿನ್ನನ್ನು ಅವಳ ಕೈಗೆ ಕೊಡುತ್ತಿದ್ದೆ. ಅವತ್ತು ಬೆಳಿಗ್ಗೆ ನಿಮ್ಮಮ್ಮನ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಅವಳ ಕೈಗಿಟ್ಟೆ. "ನಿನ್ನ ಮಗು ಹೋಯ್ತು, ಬಟ್ಟೆ ಬಿಚ್ಚಬೇಡ, ಸೋಂಕು" ಎಂದೆ. ರಿಜಿಸ್ಟರಿನಲ್ಲಿ ಅವಳ ಸಾಲಿಗೆ ಗಂಡು, ನಿಮ್ಮಮ್ಮನ ಸಾಲಿಗೆ ಹೆಣ್ಣು ಎಂದು ತಿದ್ದಿದೆ. ನನ್ನ ಅಕ್ಷರ ಚೆನ್ನಾಗಿತ್ತು, ತಿದ್ದಿದ್ದು ಗೊತ್ತಾಗುತ್ತಿರಲಿಲ್ಲ.

ಆಗ ನನಗೆ ನಾನೇ ಹೇಳಿಕೊಂಡ ಮಾತು: ಅವಳಿಗೆ ಇನ್ನೂ ವಯಸ್ಸಿದೆ, ಇನ್ನೊಂದು ಹೆರುತ್ತಾಳೆ, ನನ್ನ ಅತ್ತಿಗೆಗೆ ಇನ್ನು ಇಲ್ಲ. ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗಿದೆ. ತೂಗಲು ನಾನು ಯಾರು ಎಂದು ಕೇಳುವುದಕ್ಕೆ ಅವತ್ತು ಅಲ್ಲಿ ಯಾರೂ ಇರಲಿಲ್ಲ.

ನಿಮ್ಮಪ್ಪನಿಗೂ ಅವಳು ಸತ್ತಳೆಂದೇ ಹೇಳಿದ್ದೆ. ಮೂರು ತಿಂಗಳ ಮೇಲೆ ಅವನು ಗಾಜು ಕೂರಿಸಲು ಹೋದ ಮನೆ ಅವಳದ್ದೇ ಆಗಬೇಕೇ? ಅವಳು ಏನು ಹೇಳಿದಳೋ ನನಗೆ ಗೊತ್ತಿಲ್ಲ. ರಾತ್ರಿ ನನ್ನ ಕೋಣೆಗೆ ಬಂದ. ಕೂರಲಿಲ್ಲ. "ಬಾಗಿಲ ಪಕ್ಕದ ಮಗೂನ ತಾಯಿ ಸತ್ತಳು ಅಂದ್ಯಲ್ಲಾ?" ಎಂದ. ನಾನು ತಲೆ ತಗ್ಗಿಸಿದೆ. ಅವನು ಕೂಗಾಡಿದ್ದರೆ ಚೆನ್ನಾಗಿತ್ತು. "ಇವತ್ತೇ ಹೋಗಿ ಕೊಟ್ಟುಬಿಡ್ತೀನಿ" ಎಂದು ಹೊರಟವನು ಮನೆಯ ಹೊಸ್ತಿಲಲ್ಲಿ ನಿಂತುಬಿಟ್ಟನಂತೆ. ನಿಮ್ಮಮ್ಮ ನಿನಗೆ ಹಾಲು ಕುಡಿಸುತ್ತಿದ್ದಳು.

ಮರುದಿನ ಈ ಹೆಸರಿಟ್ಟ. ನನ್ನ ಮುಂದೆಯೇ. "ಇನ್ಮೇಲೆ ನೀನು ಈ ಮಗೂನ ಕರೆದಾಗಲೆಲ್ಲ ನನ್ನ ಮಗನ್ನ ಕರೀತೀಯ. ಎಷ್ಟು ಸಲ ಕರೀತೀಯೋ ನೋಡೋಣ" ಎಂದ. ನಾನು ಒಂದು ಸಲವೂ ಕರೆಯಲಿಲ್ಲ. ವರ್ಗ ಮಾಡಿಸಿಕೊಂಡು ಇಷ್ಟು ದೂರ ಬಂದೆ. ಆ ಹೆಸರು ನಿನಗಲ್ಲ ಮರಿ, ಅದು ನನಗೆ ಇಟ್ಟದ್ದು.

ಇಷ್ಟು ವರ್ಷ ನನ್ನನ್ನು ನಿದ್ದೆ ಮಾಡಲು ಬಿಟ್ಟದ್ದು ಒಂದೇ ಒಂದು ಸಂಗತಿ. ಅವಳು ಬಟ್ಟೆ ಬಿಚ್ಚಲಿಲ್ಲ. ನಾನು ಅಲ್ಲೇ ನಿಂತು ನೋಡಿದೆ. ಎದೆಗೊತ್ತಿಕೊಂಡು ಅತ್ತಳು, ಬಿಚ್ಚಲಿಲ್ಲ. ತನ್ನದೇ ಮಗು ಎಂದು ನಂಬಿ ಅತ್ತು, ಮಣ್ಣು ಮಾಡಿ, ಮರೆತಿರುತ್ತಾಳೆ. ಸುಳ್ಳಾದರೂ ಅವಳಿಗೆ ಅಷ್ಟು ಸಮಾಧಾನ ಸಿಕ್ಕಿತಲ್ಲ.

ಹುಡುಕಬೇಡ. ಒಣಗಿದ ಗಾಯವನ್ನು ಕೆರೆಯಬೇಡ. ನನ್ನನ್ನು ಏನು ಬೇಕಾದರೂ ಅನ್ನು.


ಆಗಸ್ಟ್ 25

ಅತ್ತೆ,

ಹುಡುಕಿದೆ. ಹುಡುಕುವುದೇನು, ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಹಾಸಿಗೆ ಹೊಲಿಯುವವರು ಎಂದರೆ ಚಿಕ್ಕ ಮಗುವೂ ತೋರಿಸುತ್ತದೆ. ನಮ್ಮ ಅಂಗಡಿಯಿಂದ ಹದಿನೈದು ನಿಮಿಷದ ದಾರಿ. ನಲವತ್ತೊಂದು ವರ್ಷ ಹದಿನೈದು ನಿಮಿಷದ ದಾರಿ.

ಒಂದೇ ಕೋಣೆ. ನೆಲದ ತುಂಬ ಹತ್ತಿ. ದಪ್ಪ ಸೂಜಿ ಹಿಡಿದು ಕೂತಿದ್ದಳು. ಎಂಟು ಗಾಜಿನ ಒಂದು ಕಿಟಕಿ, ಅದರಲ್ಲಿ ಒಂದು ಒಡೆದು ರಟ್ಟು ಸಿಕ್ಕಿಸಿತ್ತು. ನನಗೆ ಅದೇ ನೆಪವಾಯಿತು.

"ಗಾಜಿನವಳು. ಹಾಕಿಕೊಡಲಾ?" ಎಂದೆ.

"ಹಾಕಮ್ಮ. ಒಡೆದು ವರ್ಷ ಆಯ್ತು. ನಮ್ಮ ಗಾಜಿನಣ್ಣ ಬರ್ತಿದ್ದ, ವರ್ಷಕ್ಕೊಂದು ಸಲ, ತಪ್ಪದೆ. ಚೆನ್ನಾಗಿರೋ ಗಾಜನ್ನೇ ಬಿಚ್ಚಿ ಮತ್ತೆ ಕೂರಿಸಿ ಹೋಗ್ತಿದ್ದ. ದುಡ್ಡು ಮುಟ್ಟುತ್ತಿರಲಿಲ್ಲ. ಪಾಪ, ಒಂದು ಸುತ್ತು ಸಡಿಲ ಅಂತ ಕಾಣುತ್ತೆ."

"ಅವರು ನಮ್ಮಪ್ಪ. ತೀರಿಕೊಂಡ್ರು" ಎಂದೆ. ಸೂಜಿ ಕೆಳಗಿಟ್ಟಳು. ನಾನು ಮಾತು ತಪ್ಪಿಸಲು, ಮಕ್ಕಳೆಷ್ಟು ಎಂದು ಕೇಳಿದೆ.

"ಒಬ್ಬಳಿದ್ದಾಳೆ" ಎಂದಳು. "ಎಲ್ಲಿದ್ದಾಳೋ ಗೊತ್ತಿಲ್ಲ."

ಇದ್ದಾಳೆ ಎಂದಳು, ಅತ್ತೆ. ಇದ್ದಳು ಎನ್ನಲಿಲ್ಲ.

ಮುಂದಿನದನ್ನು ಅವಳ ಬಾಯಲ್ಲೇ ಕೇಳಿ. "ಆಸ್ಪತ್ರೇಲಿ ಸತ್ತುಹೋಯ್ತು ಅಂತ ಸುತ್ತಿ ಕೊಟ್ರು. ಬಿಚ್ಚಬೇಡ ಅಂದ್ರು. ನರ್ಸಮ್ಮ ಎದುರಿಗೇ ನಿಂತಿದ್ಲು, ಬಿಚ್ಚಲಿಲ್ಲ. ಮನೆಗೆ ಬಂದು ಬಿಚ್ಚಿದೆ. ಹೆತ್ತವಳು ಒಂದು ಸಲ ಮುಖ ನೋಡದೆ ಮಣ್ಣಿಗೆ ಹಾಕ್ತಾಳಾ? ನೋಡಿದ್ರೆ ಗಂಡು ಮಗು. ನಂದು ಹೆಣ್ಣು. ಐದು ದಿನ ಹಾಲು ಕುಡಿಸಿದವಳಿಗೆ ಗೊತ್ತಾಗಲ್ವಾ? ಮೂರು ಸಲ ಆಸ್ಪತ್ರೆಗೆ ಹೋದೆ. ಪುಸ್ತಕದಲ್ಲಿ ಗಂಡು ಅಂತ ಬರೆದಿದೆ ಅಂದ್ರು. ಬಾಣಂತಿಗೆ ತಲೆ ಕೆಟ್ಟಿದೆ ಅಂತ ಗೇಟಿನ ಹೊರಗೆ ಬಿಟ್ರು. ಓಣಿಯವರೂ ಅದನ್ನೇ ಅಂದ್ರು. ಈಗಲೂ ಹಿಂದಿನಿಂದ ಹುಚ್ಚಿ ಅಂತಾರೆ, ಹಾಸಿಗೆ ಮಾತ್ರ ನನ್ನ ಹತ್ರಾನೇ ಹೊಲಿಸ್ತಾರೆ."

ಆ ಮಗುವನ್ನು ಏನು ಮಾಡಿದಿರಿ ಎಂದು ಕೇಳಿದೆ.

"ಯಾರದೋ ಪಾಪ, ನನ್ನ ಕೈಗೆ ಬಂತು. ನನ್ನದು ಯಾರದೋ ಕೈಗೆ ಹೋಗಿರಬೇಕಲ್ಲ. ಅವಳು ನನ್ನದನ್ನ ಚೆನ್ನಾಗಿ ನೋಡ್ಕೊಳ್ಳಲಿ ಅಂತ ನಾನು ಇದನ್ನ ಚೆನ್ನಾಗಿ ತೊಳೆದು, ಹೊಸ ಹತ್ತಿ ತುಂಬಿ ಪುಟ್ಟ ಹಾಸಿಗೆ ಹೊಲಿದು, ಅದರ ಮೇಲೆ ಮಲಗಿಸಿ ಮಣ್ಣು ಮಾಡಿದೆ. ನಿಮ್ಮಪ್ಪನಿಗೆ ಮೊದಲ ಸಲ ಬಂದಾಗಲೇ ಹೇಳಿದ್ದೆ. ಹುಚ್ಚಿ ಅನ್ನದೆ ಕೇಳಿದವನು ಅವನೊಬ್ಬನೇ. ಜಾಗ ತೋರಿಸು ಅಂದ. ತೋರಿಸಿದೆ. ಕತ್ತಲಾಗೋವರೆಗೂ ಅಲ್ಲೇ ಕೂತಿದ್ದ."

ಅಪ್ಪನಿಗೆ ಎಲ್ಲವೂ ಗೊತ್ತಿತ್ತು. ಅವಳಿಗೆ ಗೊತ್ತಿದೆ ಎಂದೂ ಗೊತ್ತಿತ್ತು. ನಿಮಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ಅವನನ್ನು ಇನ್ನು ಏನೆಂದು ನೆನೆಯಲಿ?

ಒಡೆದ ಗಾಜಿನ ಪುಟ್ಟಿ ಕೆರೆದೆ. ಕಚ್ಚಿನೊಳಗೆ ಅವನ ಓರೆ ಅಕ್ಷರ. "ಬಾಗಿಲಿಗೆ ಎರಡು ಹಲ್ಲು ಬಂದಿವೆ." ಎರಡನೇ ಗಾಜನ್ನೂ ಬಿಚ್ಚಿದೆ, ಮೂರನೆಯದನ್ನೂ. ಎಂಟನ್ನೂ ಬಿಚ್ಚಿದೆ. ನಾಲ್ಕೂ ಅಂಚಿನಲ್ಲಿ ತಾರೀಕು ಸಮೇತ ನಾನೇ ತುಂಬಿಕೊಂಡಿದ್ದೆ. "ಬಾಗಿಲು ನಡೆಯುತ್ತಾಳೆ." "ಬಾಗಿಲಿಗೆ ದಡಾರ. ಈಗ ವಾಸಿ." "ಬಾಗಿಲು ಶಾಲೆಯಲ್ಲಿ ಹೊಡೆದಾಡಿದಳು. ತಪ್ಪು ಅವಳದೇ." "ಬಾಗಿಲು ಮೊದಲ ಗಾಜು ಕತ್ತರಿಸಿದಳು. ನೇರವಾಗಿ ಬಂತು." ಕೊನೆಯದು ಹೋದ ವರ್ಷದ ಹಿಂದಿನದು: "ಬಾಗಿಲಿಗೆ ನಲವತ್ತಾಗುತ್ತಾ ಬಂತು. ನಾನು ಇನ್ನೂ ಹೇಳಿಲ್ಲ."

ಅವಳ ಮಗಳ ಸುದ್ದಿಯನ್ನೆಲ್ಲ ಅವಳ ಮನೆಗೇ ತಂದು, ಅವಳ ಕಣ್ಣೆದುರಿಗೇ ಬರೆದು, ಪುಟ್ಟಿ ಮೆತ್ತಿ ಹೋಗಿದ್ದಾನೆ.

ಅವಳು ಹಿಂದೆ ಬಂದು ನಿಂತಿದ್ದಳು. "ನಿಮ್ಮಪ್ಪಾನೂ ಅಲ್ಲೇ ಏನೋ ಗೀಚ್ತಿದ್ದ. ಏನಮ್ಮ ಅದು? ನನಗೆ ಓದೋಕೆ ಬರಲ್ಲ. ಕೇಳಿದ್ರೆ ಅಳತೆ ಅಂತಿದ್ದ."

ಬಾಯಿ ತೆರೆದೆ. "ಅಳತೆ, ಅಮ್ಮ" ಎಂದೆ.

ನಾನೇ ಹೇಳಿದೆ, ಅತ್ತೆ. ನಿಮ್ಮಿಬ್ಬರಿಗೆ ಇಟ್ಟುಕೊಂಡಿದ್ದ ಬೈಗುಳವೆಲ್ಲ ನನಗೇ ತಗುಲಿತು. ಸುಳ್ಳು ಹೇಳುವುದು ಇಷ್ಟು ಸುಲಭ ಎಂದು ನನಗೆ ಗೊತ್ತಿರಲಿಲ್ಲ. ಹೆಸರೇನು ಎಂದು ಕೇಳಿದಳು. "ಗಾಜಿನವಳು ಅನ್ನಿ ಸಾಕು" ಎಂದು ಹೊರಗೆ ಬಂದೆ. ಓಣಿಯ ತುದಿಯಲ್ಲಿ ಕಲ್ಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ.

ಗಾಜುಗಳನ್ನು ಬರಿಯ ಮೊಳೆಯಲ್ಲಿ ನಿಲ್ಲಿಸಿ ಬಂದಿದ್ದೇನೆ. ಪುಟ್ಟಿ ಹಚ್ಚಿಲ್ಲ. ಹತ್ತು ದಿನ ಬಿಟ್ಟು ಬರುತ್ತೇನೆ ಎಂದಿದ್ದೇನೆ. ಅವನು ಬರೆದದ್ದೆಲ್ಲ ಬಯಲಾಗಿಯೇ ಇದೆ.

ನೀನು ಬರಬೇಕು. ಹೌದು, ನೀನು. ನೀವು ಎಂದು ದೂರ ನಿಲ್ಲಿಸಿ ನನಗೆ ಸಾಕಾಯಿತು. ಸತ್ತಿತು ಎಂದ ಬಾಯಿ ನಿನ್ನದು. ಬದುಕಿದ್ದಾಳೆ ಎನ್ನುವ ಬಾಯಿಯೂ ನಿನ್ನದೇ ಆಗಲಿ. ಆಮೇಲೆ ಒಂದೊಂದೇ ಸಾಲು ನಾನು ಓದುತ್ತೇನೆ. ನನ್ನೊಬ್ಬಳ ಕೈಯಲ್ಲಿ ಆಗುವುದಿಲ್ಲ, ಆಗಲಿಲ್ಲ.

ಕಿಟಕಿ. ಅಥವಾ ಇನ್ನೊಂದು. ನನಗೂ ಗೊತ್ತಾಗುತ್ತಿಲ್ಲ.


ಸೆಪ್ಟೆಂಬರ್ 2

ಕಿಟಕಿಗೆ,

ಬರೆದೆ. ಬರೆದು ತುಂಬಾ ಹೊತ್ತು ಆ ಮೂರು ಅಕ್ಷರ ನೋಡುತ್ತಾ ಕೂತೆ.

ಬಟ್ಟೆ ಬಿಚ್ಚಿದಳೇ. ನಿನ್ನ ಕಾಗದದಲ್ಲಿ ಆ ಸಾಲಿನಿಂದ ಮುಂದೆ ಓದಲು ನನಗೆ ಎರಡು ದಿನ ಬೇಕಾಯಿತು. ನಾನು ನೆಮ್ಮದಿಯಿಂದ ಮಲಗಿದ ಒಂದೊಂದು ರಾತ್ರಿಯೂ ಅವಳು ಹುಚ್ಚಿ ಅನ್ನಿಸಿಕೊಂಡು ಎದ್ದಿದ್ದಾಳೆ.

ಗುರುವಾರದ ರೈಲಿಗೆ ಹೊರಡುತ್ತಿದ್ದೇನೆ. ಶುಕ್ರವಾರ ಮಧ್ಯಾಹ್ನ ತಲುಪುತ್ತೇನೆ. ಸ್ಟೇಷನ್ನಿಗೆ ಬರಬೇಡ, ಓಣಿಯ ತುದಿಯಲ್ಲಿ ಆ ಕಲ್ಲಿನ ಹತ್ತಿರ ನಿಂತಿರು. ಮೊದಲು ನಾನೊಬ್ಬಳೇ ಒಳಗೆ ಹೋಗುತ್ತೇನೆ. ಅವಳು ನನ್ನನ್ನು ಹೊಡೆದರೆ ನೀನು ಬಿಡಿಸಲು ಬರಬೇಡ. ಕರೆದಾಗ ಬಾ. ಯಾವ ಹೆಸರು ಹಿಡಿದು ಕರೆಯಬೇಕೋ ಅವಳೇ ಹೇಳಲಿ.

ಕ್ಷಮಿಸು ಎನ್ನುವುದು ಆಮೇಲಿನ ಮಾತು, ಅದಕ್ಕೆ ನನಗೆ ಬಾಯಿಲ್ಲ. ಮೊದಲು ಹೇಳಬೇಕಾದ್ದು ಎರಡೇ ಮಾತು. ಕೆಲಸ ಮಾಡುತ್ತಾ, ಮೆಟ್ಟಿಲು ಇಳಿಯುತ್ತಾ ಬಾಯಿಪಾಠ ಮಾಡುತ್ತಿದ್ದೇನೆ, ಅಲ್ಲಿ ಹೋಗಿ ನಾಲಿಗೆ ತಪ್ಪಬಾರದಲ್ಲ:

"ನಿನ್ನದು ಹೆಣ್ಣು ಮಗು. ನಿನಗೆ ಹುಚ್ಚಿರಲಿಲ್ಲ."

ಅತ್ತೆ